ನೀರುನಾಯಿಯ ಚಿತ್ರಕ್ಕೆ ಬಂದ ಬಹುಮಾನ

"ಗುರುಗಳೇ, ನನ್ನೊಳಗಿನ 'ನಾನು' ಪೂರ್ತಿಯಾಗಿ ಅಳಿದುಹೋಗಿದೆ. ಈಗ ಅಲ್ಲಿ ಯಾರೂ ಇಲ್ಲ. ಇದು ನಾಲ್ಕು ಜನಕ್ಕೆ ತಿಳಿಯಬೇಕಾದರೆ ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ.

ಗುರು ಮೊದಲು ಅವನನ್ನು ಅಭಿನಂದಿಸಿದರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ಛಾಯಾಗ್ರಾಹಕನಿದ್ದ. ಕಾಡುಪ್ರಾಣಿಗಳ ಚಿತ್ರ ತೆಗೆಯುತ್ತಿದ್ದ. ದೂರದ ದೇಶವೊಂದರಲ್ಲಿ ವರ್ಷಕ್ಕೊಮ್ಮೆ ಅಂಥ ಚಿತ್ರಗಳ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯುತ್ತಿತ್ತು. ಅದರಲ್ಲಿ ಗೆಲ್ಲಬೇಕೆಂಬುದೊಂದೇ ಅವನ ಆಸೆ. ಹನ್ನೊಂದು ವರ್ಷ ಚಿತ್ರ ಕಳಿಸಿದ. ಹನ್ನೊಂದು ವರ್ಷವೂ ತೀರ್ಪುಗಾರರು ಬಹಳ ಸೌಜನ್ಯದ ಪತ್ರ ಬರೆದರು.

ಸ್ಪರ್ಧೆಗೆ ಕಟ್ಟುನಿಟ್ಟಿನ ನಿಯಮಗಳಿದ್ದವು. ಸಾಕಿದ ಪ್ರಾಣಿ ಆಗದು. ಚಿತ್ರದಲ್ಲಿ ಮನುಷ್ಯನಿರಬಾರದು, ಮನುಷ್ಯನ ಗುರುತೂ ಇರಬಾರದು. ಒಂದು ವರ್ಷ ಇವನ ಜಿಂಕೆ ಎಲ್ಲರಿಗೂ ಹಿಡಿಸಿತ್ತು. ಆದರೆ ಜಿಂಕೆಯ ಕಣ್ಣೊಳಗೆ ಇವನ ಜೀಪು ಕಾಣುತ್ತಿತ್ತು.

ಹನ್ನೆರಡನೆಯ ವರ್ಷ ನೀರುನಾಯಿಗಳನ್ನು ಹುಡುಕಿಕೊಂಡು ಒಂದು ಹೊಳೆಗೆ ಹೋದ. ಎಲೆಬಣ್ಣದ ಗುಡಾರ ಹಾಕಿ, ಎಲೆಬಣ್ಣದ ಬಟ್ಟೆ ತೊಟ್ಟು, ಮುಖಕ್ಕೂ ಅದೇ ಬಣ್ಣ ಬಳಿದುಕೊಂಡು ಇಪ್ಪತ್ತು ದಿನ ಕೂತ. ನೀರುನಾಯಿಗಳು ಅತ್ತ ತಲೆ ಹಾಕಲಿಲ್ಲ. ಅವು ಸ್ವಲ್ಪ ಆಚೆ, ಬಂಡೆಯ ಮೇಲೆ ಬಲೆ ಹೊಲಿಯುತ್ತ ಕೂತಿದ್ದ ಅಂಬಿಗನ ಸುತ್ತ ಆಡುತ್ತಿದ್ದವು. ಅಂಬಿಗ ಕೆಂಪು ರುಮಾಲು ಸುತ್ತಿದ್ದ, ಬೀಡಿ ಸೇದುತ್ತಿದ್ದ, ಗಟ್ಟಿಯಾಗಿ ಕೆಮ್ಮುತ್ತಿದ್ದ.

ಛಾಯಾಗ್ರಾಹಕ ಅವನನ್ನು ಬೇರೆ ಬಂಡೆಗೆ ಹೋಗಲು ಕೇಳಿಕೊಂಡ. ಅಂಬಿಗ ಹೋದ. ನೀರುನಾಯಿಗಳೂ ಹೋದವು. ಮರುದಿನ ಮನೆಯಲ್ಲೇ ಇರಲು ಕೇಳಿಕೊಂಡ. ಅಂಬಿಗ ಮನೆಯಲ್ಲೇ ಉಳಿದ. ಅಂದು ಊರ ನಾಯಿಗಳು ಬಂದು ಸಂಜೆಯವರೆಗೆ ಆ ಬಂಡೆಯ ಮೇಲೆ ಮಲಗಿದವು. ನೀರುನಾಯಿಗಳ ಸುಳಿವಿಲ್ಲ.

"ಊರ ನಾಯಿ ನನ್ನ ದೋಣಿ ಹುಟ್ಟಿನ ಏಟು ತಿಂದಾವ್ರಿ" ಎಂದು ಅಂಬಿಗ ವಿವರಿಸಿದ. "ನಾನು ಕುಂತರ ಈ ಕಡೆ ಬರಂಗಿಲ್ಲ. ಅವು ಇಲ್ಲಂದ್ರ ಇವು ಮರಿ ಕರಕೊಂಡು ಹೊರಗ ಬರ್ತಾವ."

"ಚಿತ್ರದಲ್ಲಿ ನೀನಿದ್ದರೆ ಬಹುಮಾನವಿಲ್ಲ. ನೀನಿಲ್ಲದಿದ್ದರೆ ಚಿತ್ರವೇ ಇಲ್ಲ. ನಾನೇನು ಮಾಡಲಿ?"

"ಅದಕ್ಯಾಕ ಇಷ್ಟು ಚಿಂತಿ, ಸಾಹೇಬ್ರ? ನಿಮ್ಮ ಬೆನ್ನ ಹಿಂದ ಕುಂದರ್ತೀನಿ. ಬೀಡಿ ಸೇದಬೌದಲ್ರಿ?"

ಸೇದಬಹುದು ಎಂದಾಯಿತು. ಅಂಬಿಗ ಬೆನ್ನ ಹಿಂದೆ ಕೂತ. ತಾಯಿ ನೀರುನಾಯಿ ಎರಡು ಮರಿಗಳೊಂದಿಗೆ ನೀರಿನಿಂದ ಎದ್ದು ಬಂತು. ಕ್ಯಾಮೆರಾದ ಎದುರು ಹಿಂಗಾಲ ಮೇಲೆ ನಿಂತು, ಛಾಯಾಗ್ರಾಹಕನ ಹೆಗಲ ಮೇಲಿಂದ ಹಿಂದಕ್ಕೆ ನೋಡಿತು. ಅವನು ಚಿತ್ರ ತೆಗೆದ.

ಆ ವರ್ಷ ಮೊದಲ ಸ್ಥಾನ ಅವನಿಗೇ ಬಂತು. 'ಮನುಷ್ಯನನ್ನು ಎಂದೂ ಕಾಣದ ಕಣ್ಣುಗಳು ಹೀಗಿರುತ್ತವೆ' ಎಂದು ತೀರ್ಪುಗಾರರು ಮೆಚ್ಚಿದರು. ಬಹುಮಾನ ಕೊಡುವ ಮುನ್ನ ಒಂದೇ ಒಂದು ಪ್ರಶ್ನೆಗೆ ಅವನು ಸ್ವಂತ ಕೈಯಿಂದ ಉತ್ತರ ಬರೆದು ಕಳಿಸಬೇಕಿತ್ತು: ಚಿತ್ರ ತೆಗೆದಾಗ ಅಲ್ಲಿ ಮನುಷ್ಯರು ಯಾರಾದರೂ ಇದ್ದರೇ?

ಅವನು ಪೆನ್ನು ಹಿಡಿದು ಅರ್ಧ ದಿನ ಕೂತ. ಅಂಬಿಗನಿದ್ದ ಎಂದು ಬರೆದರೆ ಇವು ಸಾಕಿದ ಪ್ರಾಣಿಗಳು ಎಂದಾರು. ಆಗ ಹನ್ನೆರಡು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕೊನೆಗೆ 'ಅಲ್ಲಿ ಯಾರೂ ಇರಲಿಲ್ಲ' ಎಂದು ಬರೆದು ಕಳಿಸಿದ. ಬಹುಮಾನ ಬಂತು.

ಅವನು ಕೃತಘ್ನನಲ್ಲ. ಚಿತ್ರದ ಒಂದು ಪ್ರತಿಗೆ ಕಟ್ಟು ಹಾಕಿಸಿ ಅಂಬಿಗನಿಗೆ ಒಯ್ದು ಕೊಟ್ಟ. ಅಂಬಿಗ ಅದನ್ನು ದೂರ ಹಿಡಿದು ನೋಡಿದ.

"ಭೇಷ್ ಬಂದೈತ್ರಿ. ನನ್ನನ್ನೇ ನೋಡಾಕತ್ತಾವ."

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನಿಗೆ ಕತೆ ಹಿಡಿಸಿತ್ತು. ಅವನು ತುಸು ನಕ್ಕು, "ಪಾಪ, ಅಂಬಿಗನಿಗೆ ಅನ್ಯಾಯವಾಯಿತು" ಎಂದ.

"ಅಂಬಿಗನಿಗೇನೂ ಆಗಲಿಲ್ಲ" ಎಂದರು ಗುರು. "ಆದರೆ 'ಅಲ್ಲಿ ಯಾರೂ ಇರಲಿಲ್ಲ' ಎಂದು ಬರೆದವನು ಅದರ ಕೆಳಗೆ ತನ್ನ ಸಹಿ ಹಾಕಿದ."