ಆಣೆಕಲ್ಲು ಗುಡ್ಡ

ಹಾಲುಗೊಂದಿಯ ಪಡುವಣಕ್ಕೆ ಒಂದು ಬೋಳು ಗುಡ್ಡವಿದೆ. ರಸ್ತೆ ಬದಿಯ ಫಲಕದಲ್ಲಿ 'ಆನೆಕಲ್ಲು ಗುಡ್ಡ' ಎಂದು ಬರೆದಿದೆ. ಬಂದವರು ಆನೆಯಂಥ ಬಂಡೆಯನ್ನು ಹುಡುಕುತ್ತಾರೆ, ಸಿಗುವುದಿಲ್ಲ. ನೆತ್ತಿಯ ಹಾಸುಬಂಡೆಯ ಮೇಲೆ ಮುಷ್ಟಿಯಲ್ಲಿ ಹಿಡಿಸುವಷ್ಟು ಕಲ್ಲುಗಳು ಒತ್ತಾಗಿ ಕೂತಿವೆ. ನಡುವೆ ಅಂಗೈಯಗಲ ಜಾಗ ಮಾತ್ರ ಬರಿದು. ಹೆಸರು ಆನೆಯದಲ್ಲ, ಆಣೆಕಲ್ಲಿನದು ಎನ್ನುತ್ತಾರೆ ಹಿರಿಯರು. ಆಲಿಕಲ್ಲಿಗೆ ಇಲ್ಲಿಯ ಕುರುಬರು ಹೇಳುವ ಹೆಸರು ಅದು. ಆಣೆ ಎಂದರೆ ಪ್ರಮಾಣವೂ ಹೌದು. ಎರಡು ಮಾತಿನ ಬೇರು ಒಂದೇ ಅಲ್ಲದಿರಬಹುದು. ಈ ಗುಡ್ಡದ ಮೇಲೆ ಅವು ಕೂಡಿದವು.

ಹಿಂದೆ ಒಮ್ಮೆ ಗಾದ್ರಪ್ಪನೆಂಬ ಕುರುಬ ಹೆಂಡತಿ ಮಾಳವ್ವ, ಎಳೆಯ ಮಗಳು ಮತ್ತು ತಮ್ಮ ಈರಬೊಮ್ಮನ ಜೊತೆ ಇಲ್ಲಿ ಕುರಿಮಂದೆ ತಂಗಿಸಿದ್ದ. ಸಂಜೆ ಆಣೆಕಲ್ಲಿನ ಮಳೆ ಬಿತ್ತು. ಮರಿಗಳನ್ನು ಬಂಡೆಯ ಮರೆಗೆ ಅಟ್ಟುತ್ತಿದ್ದ ಗಾದ್ರಪ್ಪನ ತಲೆಗೆ ಪೆಟ್ಟಾಯಿತು. ಉಳಿಯುವುದಿಲ್ಲವೆಂದು ಅವನಿಗೇ ತಿಳಿಯಿತು. ಮಗಳಿಗೆ ಮಂದೆಯಲ್ಲಿ ಅರ್ಧ ಪಾಲು ಸಲ್ಲಬೇಕೆಂದು ತಮ್ಮನಿಂದ ಆಣೆ ಬೇಡಿದ. ಅವರಲ್ಲಿ ಆಣೆ ಎಂದರೆ ಕಂಬಳಿ ಹಾಸಿ ಕಲ್ಲಿಡುವುದು. ಕಲ್ಲು ಇರುವವರೆಗೆ ಮಾತು ಇರುತ್ತದೆ.

"ಕಲ್ಲಿಟ್ಟೆಯೇನೋ ತಮ್ಮಾ?"

"ಇಟ್ಟೆ ಕಣಣ್ಣಾ. ನೆಮ್ಮದಿಯಾಗಿ ಮಲಗು."

ಅವನು ಇಟ್ಟಿದ್ದೇನೆಂದು ಮಾಳವ್ವ ಕಂಡಳು. ಕರಿಕಂಬಳಿಯ ಮೇಲೆ ಅದು ಬೆಳ್ಳಗೆ ಹೊಳೆಯುತ್ತಿತ್ತು. ಬಾಯಿ ತೆರೆದಳು. ಅಷ್ಟರಲ್ಲಿ ಗಂಡನ ಮುಖ ತಿಳಿಯಾಗಿತ್ತು. ಅದನ್ನು ಮತ್ತೆ ಕೆಡಿಸಲು ಅವಳಿಂದಾಗಲಿಲ್ಲ, ತುಟಿ ಕಚ್ಚಿಕೊಂಡಳು. ಗಾದ್ರಪ್ಪನ ಉಸಿರು ನಿಂತಾಗ ಕಲ್ಲು ಇನ್ನೂ ಪೂರ್ತಿ ಕರಗಿರಲಿಲ್ಲ ಎನ್ನುತ್ತಾರೆ.

ತಿಥಿ ಕಳೆದು ಅವಳು ಪಾಲು ಕೇಳಿದಾಗ ಹಿರಿಯರು ಇದೇ ಬಂಡೆಯ ಮೇಲೆ ಸೇರಿದರು. "ಆಣೆಯ ಕಲ್ಲು ತೋರಿಸಲಿ ಅತ್ತಿಗೆ. ಬಿಸಿಲಿಗೆ ಬಾಯಾರಿ ಕುಡಿದುಬಿಟ್ಟಳೋ ಏನೋ!" ಎಂದು ಈರಬೊಮ್ಮ ನಕ್ಕ. ಮಾಳವ್ವ ಬಂಡೆಯ ನಡುವೆ ಅದೇ ಕಂಬಳಿ ಹಾಸಿದಳು. ಅದರ ಮೇಲೆ ಏನೂ ಇರಲಿಲ್ಲ.

"ಅವತ್ತೇ ಯಾಕೆ ಸೊಲ್ಲೆತ್ತಲಿಲ್ಲವ್ವಾ?" ಎಂದ ಯಜಮಾನ.

"ಎತ್ತಿದ್ದರೆ ಅವರು ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಿರಲಿಲ್ಲ, ಯಜಮಾನಾ."

ಯಾರೂ ತಲೆಯೆತ್ತಲಿಲ್ಲ. ಆದರೂ ಕಟ್ಟಳೆ ಕಟ್ಟಳೆಯೇ. ಕಲ್ಲಿಲ್ಲ, ಆಣೆಯಿಲ್ಲ ಎಂದರು. ಮಾಳವ್ವ ಕಂಬಳಿಯನ್ನು ಮಗಳಿಗೆ ಹೊದಿಸಿ ಗುಡ್ಡ ಇಳಿದಳು. ಎಲ್ಲಿ ಹೋದಳೆಂದು ತಿಳಿದವರಿಲ್ಲ.

ಇಂದಿಗೂ ಇಲ್ಲಿ ಮಾತು ಕೊಡುವವರು ಕಲ್ಲನ್ನು ಮುಷ್ಟಿಯಲ್ಲಿ ಬಿಗಿಹಿಡಿಯುತ್ತಾರೆ. ಅದು ಬೆಚ್ಚಗಾದ ಮೇಲೆ ಕೈ ಬಿಚ್ಚಿ ಎಲ್ಲರಿಗೂ ತೋರಿಸಿ ಬಂಡೆಯ ಮೇಲಿಡುತ್ತಾರೆ. ನಡುವಿನ ಬರಿಜಾಗದಲ್ಲಿ ಮಾತ್ರ ಇಡುವುದಿಲ್ಲ. ತಿಳಿಯದೆ ಪ್ರವಾಸಿಗಳು ಇಟ್ಟರೆ ಊರಿನವರು ಮೆಲ್ಲಗೆ ತೆಗೆದು ಪಕ್ಕಕ್ಕಿಡುತ್ತಾರೆ. ಅಲ್ಲಿ ಆಗಲೇ ಒಂದು ಕಲ್ಲಿದೆ ಎನ್ನುತ್ತಾರೆ.