ಸಂಕದ ಗಡಂಗು

ಹೊಳೆಬೈಲು ಪೇಟೆಯಲ್ಲಿ ಇಳಿದು ಸಂಕದ ಗಡಂಗು ಎಲ್ಲಿ ಎಂದು ಕೇಳಿದರೆ ಯಾರಾದರೂ ದಾರಿ ತೋರಿಸುತ್ತಾರೆ. ಆ ಹೆಂಡದಂಗಡಿಯ ಬೋರ್ಡಿನ ಮೇಲೆ ಬೇರೆ ಏನೋ ಹೆಸರಿದೆ. ಊರಿನವರು ಅದನ್ನು ಓದಿದ್ದನ್ನು ನಾನಂತೂ ಕಂಡಿಲ್ಲ. ಕೂಲಿ ಮುಗಿಸಿ ಬಂದವನಿಗೂ ಎಟುಕುವ ಬೆಲೆಗೆ ಇಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಮೊಟ್ಟೆ ಸುಕ್ಕ ಸಿಗುತ್ತದೆ. ಈಗಿನ ಮಾಲಕ ಪುನರ್ಪುಳಿ ಹಿಂಡಿ, ಹಸಿಮೆಣಸು ಸೀಳಿ ಹಾಕಿ ಕಾಕ್‌ಟೇಲ್ ಕೂಡ ಮಾಡುತ್ತಾನೆ, ಚೆನ್ನಾಗಿಯೇ ಇರುತ್ತದೆ. ಆದರೆ ಸಂಕವೆಂದರೆ ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡ ಹಾಕಿದ ಒಂಟಿ ಮರದ ಕಾಲುಸೇತುವೆ. ಇಲ್ಲಿ ಸುತ್ತಮುತ್ತ ತೋಡೇ ಇಲ್ಲ, ಡಾಮರು ರಸ್ತೆ ಮಾತ್ರ. ಹೊರಗಿನವರು ಹೆಸರಿನ ಕಾರಣ ಕೇಳಿದಾಗ, ಗಡಂಗಿನ ಮೊದಲ ಒಡತಿಯ ಗಂಡ ಕುಡಿದು ಸಂಕದಿಂದ ಬಿದ್ದು ಸತ್ತನೆಂದು ಕೆಲವರು ಕಥೆ ಕಟ್ಟುತ್ತಾರೆ. ಶುದ್ಧ ಸುಳ್ಳು. ಆತ ಎಂಬತ್ತು ದಾಟಿ ಬದುಕಿದ. ಹೆಂಡತಿ ‘ಸಾಕು’ ಎಂದು ಮೊತ್ತಮೊದಲು ಹೇಳಿದ್ದೇ ಅವನಿಗೆ.

ಹಿಂದೆ ಒಮ್ಮೆ, ಈ ರಸ್ತೆ ತೋಡಾಗಿದ್ದ ಕಾಲದಲ್ಲಿ, ಅದರಾಚೆ ದಡದಲ್ಲಿ ಬೆಳ್ಳು ಪೂಜಾರ್ತಿ ಎಂಬಾಕೆಯ ತೆಂಗಿನ ಗರಿಯ ಮಡಲು ಹೊದೆಸಿದ ಗಡಂಗು ಇತ್ತು ಎನ್ನುತ್ತಾರೆ. ಗಂಡ ತೆಂಗಿನ ಮರ ಹತ್ತಿ ಶೇಂದಿ ಇಳಿಸುತ್ತಿದ್ದ, ಆಕೆ ಮಾರುತ್ತಿದ್ದಳು. ಕುಡಿದವರು ಊರಿಗೆ ಮರಳಲು ಇದ್ದದ್ದು ತಾಳೆಮರದ ಒಂದು ಸಂಕ. ಯಾರಾದರೂ ಮೂರನೆಯ ಲೋಟ ಕೇಳಿದರೆ ಬೆಳ್ಳು ಅದರತ್ತ ಕೈ ತೋರಿಸುವಳು. ದಾಟಿ ಹೋಗಿ ದಾಟಿ ಬಂದರೆ ಲೋಟ. ಕಾಲು ತಡವರಿಸಿದರೆ ಬಿಸಿ ಅನ್ನ, ಮೀನು ಸಾರು. ನೀರು ಸೊಂಟದ ಮಟ್ಟ. ಬಿದ್ದವನು ಸಾಯುತ್ತಿರಲಿಲ್ಲ, ನೆನೆಯುತ್ತಿದ್ದ ಅಷ್ಟೆ.

ಆಕೆಯ ಗಂಡ ಹತ್ತುತ್ತಿದ್ದ ಹನ್ನೆರಡು ಮರಗಳೂ ಪಟೇಲ ತೇಜಪ್ಪ ಹೆಗ್ಡೆಯವರವು. ಅವರು ಬೇಡ ಎಂದರೆ ಗಡಂಗು ಮುಚ್ಚಿದಂತೆಯೇ. ಅಂಥವರು ಒಂದು ಸಂಜೆ ನೆಂಟರನ್ನು ಕರೆದುಕೊಂಡು ಬಂದು, ಎರಡು ಲೋಟ ಕುಡಿದು, ಮೂರನೆಯದಕ್ಕೆ ಕೈ ಚಾಚಿದರು. ಬೆಳ್ಳು ಅವರಿಗೂ ಸಂಕದತ್ತಲೇ ಕೈ ತೋರಿಸಿದಳು. “ಒಡ್ಯಾ, ಸಂಕ ದಾಟ್ಕಂಡ್ ಬನ್ನಿ, ಕೊಡ್ತೆ.” ಹೆಗ್ಡೆಯವರು ನಕ್ಕು ಎದ್ದರು, ಸಂಕದ ನಡುವೆ ತಲುಪುವಷ್ಟರಲ್ಲಿ ಮುಂಡಾಸಿನ ಸಮೇತ ನೀರಿಗೆ ಬಿದ್ದರು. ಬಿದ್ದದ್ದಕ್ಕಿಂತ ನೆಂಟರು ನಗು ತಡೆಯಲಾರದೆ ಹೋದದ್ದೇ ಅವರಿಗೆ ಹೆಚ್ಚು ನೋವಾಯಿತಂತೆ. ಬೆಳ್ಳು ಬಡಿಸಿಟ್ಟ ಊಟವನ್ನು ಕಣ್ಣೆತ್ತಿಯೂ ನೋಡದೆ, ನೀರು ಸುರಿಸುತ್ತಾ ಮನೆಗೆ ಹೋದರು.

ಮರ ಹೋಯಿತೆಂದೇ ಗಂಡ ಹೆಂಡತಿ ಎಂಟು ದಿನ ಹೆದರಿ ಕೂತರು. ಬಂದವರು ಕಲ್ಲುಕುಟಿಗರು. ಪಟೇಲರು ಮರ ಕಸಿಯಲಿಲ್ಲ, ಕಸಿದರೆ ಒಬ್ಬ ಹೆಂಗಸಿಗೆ ಸೋತಂತೆ. ಬದಲಿಗೆ ಎತ್ತಿನಗಾಡಿ ಹೋಗುವಷ್ಟು ಅಗಲದ ಕಲ್ಲಿನ ಸೇತುವೆ ಕಟ್ಟಿಸಿಬಿಟ್ಟರು. ಊರೆಲ್ಲ ಹೊಗಳಿತು. ಬೆಳ್ಳುವಿಗೆ ಮಾತ್ರ ಅಳು ಬಂತು. ಯಾರಿಗೆ ಎಷ್ಟು ಸಾಕೆಂದು ಇನ್ನು ತಾನು ಹೇಗೆ ತಿಳಿಯುವುದು, ಯಾವ ಬಾಯಲ್ಲಿ ಹೇಳುವುದು? ಕೊನೆಗೆ, ತೋಡಿನ ಬದಿಗೆ ಎಸೆದಿದ್ದ ಹಳೆಯ ಸಂಕವನ್ನು ಗಂಡನ ಕೈಯಲ್ಲಿ ಎಳೆಸಿ ತಂದು, ಗಡಂಗಿನ ಒಳಗೆ ಗೇಣೆತ್ತರದ ಎರಡು ಕಲ್ಲುಗಳ ಮೇಲೆ ಹಾಕಿಸಿದಳು. ಜನ ನಕ್ಕರು, ನಗುತ್ತಲೇ ಅದರ ಮೇಲೆ ನಡೆದರು. ಬಿದ್ದವನಿಗೆ ಎಂದಿನಂತೆ ಊಟ. ಆಕೆಯ ಮೀನು ಸಾರಿನ ಆಸೆಗೆ ಬೇಕೆಂದೇ ಬೀಳುವವರೂ ಹುಟ್ಟಿಕೊಂಡರು. ನನ್ನ ಅಜ್ಜ ಅವರಲ್ಲೊಬ್ಬ.

ಹೆಗ್ಡೆಯವರು ಇಪ್ಪತ್ತು ವರ್ಷ ಅತ್ತ ತಲೆ ಹಾಕಲಿಲ್ಲ. ಮರಗಳ ಮಾತನ್ನೂ ಎತ್ತಲಿಲ್ಲ. ಆದರೆ ಎಂದು ಎತ್ತುತ್ತಾರೋ ಎಂಬ ಅಂಜಿಕೆ ಬೆಳ್ಳುವನ್ನು ಬಿಡಲೇ ಇಲ್ಲ. ಒಂದು ಮಧ್ಯಾಹ್ನ, ತಲೆ ಪೂರ್ತಿ ನರೆತು, ಊರುಗೋಲು ಹಿಡಿದು ಅವರು ಒಬ್ಬರೇ ಬಂದರು. ಎರಡು ಲೋಟ ಕುಡಿದು, ಕೋಲನ್ನು ಗೋಡೆಗೆ ಒರಗಿಸಿ, ಯಾರೂ ಹೇಳುವ ಮುಂಚೆಯೇ ಸಂಕ ಹತ್ತಿದರು. ಒಂದೊಂದೇ ಹೆಜ್ಜೆಯಿಟ್ಟು, ಎಲ್ಲೂ ತಡವರಿಸದೆ, ಮುದುಕರು ತುದಿಯ ಹತ್ತಿರ ಬಂದರು. ಇನ್ನೊಂದೇ ಹೆಜ್ಜೆ ಇರುವಾಗ ನಿಂತು, ಪಕ್ಕಕ್ಕೆ ಕಾಲಿಟ್ಟು ನೆಲಕ್ಕೆ ಇಳಿದರು. “ನಾ ಬಿದ್ದೆ, ಬೆಳ್ಳು,” ಎಂದರು. “ಅವತ್ತಿನ್ ಊಟ ಇವತ್ತ್ ಬಡ್ಸ್.” ಬೆಳ್ಳು ಅಳುತ್ತಲೇ ಎಲೆ ಹಾಕಿದಳು ಎನ್ನುತ್ತಾರೆ.

ತೋಡು ಮುಚ್ಚಿ ರಸ್ತೆಯಾಯಿತು, ಪಟೇಲರ ಸೇತುವೆ ಅದರಡಿ ಹೂತುಹೋಯಿತು. ಸಂಕ ಮಾತ್ರ ಗಡಂಗಿನೊಳಗೇ ಉಳಿದಿದೆ. ಹೊಸಬರು ಅದರ ತುದಿಯವರೆಗೂ ನಡೆದು, ಗೆದ್ದೆವೆಂದು ಕೂಗಿ ಫೋಟೊ ತೆಗೆಸಿಕೊಳ್ಳುತ್ತಾರೆ. ಊರಿನವರು ಇನ್ನೊಂದು ಹೆಜ್ಜೆ ಇರುವಾಗಲೇ ಪಕ್ಕಕ್ಕೆ ಇಳಿದು, ಕೈ ತೊಳೆದು ಊಟಕ್ಕೆ ಕೂರುತ್ತಾರೆ.