ಬಿಳಿಗುಡ್ಡದ ಬೆಚ್ಚನೆಯ ದಾರಿ

"ಕೇಳಿರಪ್ಪೋ ಕೇಳಿ! ಬಿಳಿಗುಡ್ಡದ ದೊರೆ ಧವಳರಾಯರ ಅಪ್ಪಣೆ! ಕೋಟೆಯಿಂದ ಕೆಳಪೇಟೆಗೆ ಇಳಿಯುವ ಇಳಿಜಾರಿಗೆ ದೊರೆಗಳು ಕಾಂಕ್ರೀಟಿನ ದಾರಿ ಹಾಕಿಸಿದ್ದಾರೆ. ಅದರ ಹೊಟ್ಟೆಯೊಳಗೆ ತಂತಿ ಹಾಸಿಸಿದ್ದಾರೆ. ಕರೆಂಟು ಹರಿದರೆ ದಾರಿ ಬೆಚ್ಚಗಾಗುತ್ತದೆ, ಹಿಮ ಕೂರುವುದಿಲ್ಲ, ಯಾರೂ ಜಾರಿ ಸಾಯುವುದಿಲ್ಲ. ಆದರೆ ಕರೆಂಟಿನ ಮನೆಯ ಬಾಗಿಲಿಗೆ ಹಿಮರಕ್ಕಸಿ ಅಡ್ಡ ಕೂತಿದ್ದಾಳೆ. ಅವಳ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರು ಅವಳ ಪಾಲು!"

ಇಷ್ಟು ಸಾರಿದ ಡಂಗುರದವನು ಗುಡ್ಡದ ಕಡೆ ಕಣ್ಣೆತ್ತದೆ ಸರಸರ ಹೊರಟುಹೋದ.

ಕೆಳಪೇಟೆಯ ಸಣ್ಣೀರ ಅಂಗಳದಲ್ಲಿ ಬೂದಿ ಜರಡಿ ಹಿಡಿಯುತ್ತ ಇದನ್ನು ಕೇಳಿಸಿಕೊಂಡ. ಚಳಿಗಾಲವಿಡೀ ಆ ಇಳಿಜಾರಿನ ಮೇಲೆ ಉಪ್ಪು, ಬೂದಿ ಎರಚುವುದೇ ಅವನ ಕೆಲಸ. ಹಿಂದಿನ ವರ್ಷ ಅವನ ಅಕ್ಕ ಗಿರಿಯವ್ವ ನೀರು ಹೊತ್ತು ಹೋಗುವಾಗ ಅಲ್ಲೇ ಜಾರಿ ಕಮರಿಗೆ ಬಿದ್ದಿದ್ದಳು. ಎಷ್ಟು ಹುಡುಕಿದರೂ ಹೆಣ ಸಿಕ್ಕಿರಲಿಲ್ಲ. ಅರ್ಧ ರಾಜ್ಯದ ಆಸೆ ಅವನಿಗೆ ಹುಟ್ಟಲಿಲ್ಲ. ಆದರೆ ಒಗಟು ಬಿಡಿಸಲು ಹೊರಟವರ ಕಾಲು ಜಾರದಂತೆ ಮುಂದೆ ಬೂದಿ ಚೆಲ್ಲುತ್ತ ಹೋಗಬೇಕೆಂದು ಕೋಟೆಯಿಂದ ಅವನಿಗೇ ಕರೆ ಬಂತು.

ಹೊರಟವರು ಇಬ್ಬರು. ನೆರೆನಾಡಿನ ರಾಜಕುಮಾರ ವಜ್ರಬಾಹು ಮತ್ತು ಊರಿನ ದೊಡ್ಡ ವ್ಯಾಪಾರಿಯ ಮಗ ಮಾಣಿಕಸೆಟ್ಟಿ. ನಡು ಹಗಲು, ಆದರೆ ಮಂಜಿನಲ್ಲಿ ಸೂರ್ಯ ಎಲ್ಲಿದ್ದಾನೆಂದೇ ತಿಳಿಯುತ್ತಿರಲಿಲ್ಲ. ಮೇಲೆ ಹೋದಂತೆ ದಾರಿಯ ಎರಡೂ ಬದಿ ಬಿಳಿಯ ಆಕಾರಗಳು ನಿಂತಿದ್ದವು. ಸಣ್ಣೀರ ಮೊದಲು ಕಲ್ಲುಕಂಬ ಅಂದುಕೊಂಡ. ಹತ್ತಿರ ಹೋದರೆ ಅವಕ್ಕೆ ರೆಪ್ಪೆಗಳಿದ್ದವು.

ಕರೆಂಟಿನ ಮನೆಯ ಬಾಗಿಲಲ್ಲಿ ರಕ್ಕಸಿ ಕೂತಿದ್ದಳು. ಮುಖ ಇರಬೇಕಾದ ಕಡೆ ಹಿಮ ಸುಮ್ಮನೆ ಉದುರುತ್ತಿತ್ತು. ಬಾಯಿಲ್ಲದ ಅವಳು ಹೆಪ್ಪುಗಟ್ಟಿ ನಿಂತವರ ಬಾಯಿಂದ ಮಾತಾಡುತ್ತಿದ್ದಳು. ಒಬ್ಬ ಮುದುಕನ ದವಡೆ ಲಟಕ್ಕನೆ ತೆರೆಯಿತು.

"ಹುಟ್ಟುವಾಗ ಅದು ಗಂಜಿ. ಸುರಿದ ಕಡೆ ಮಲಗುತ್ತದೆ. ಒಲೆ ಬೇಡ, ಬೆಂಕಿ ಬೇಡ. ನೀರು ಕುಡಿಸಿದಷ್ಟೂ ಮೆತ್ತಗಾಗದೆ ಗಟ್ಟಿಯಾಗುತ್ತದೆ. ಕೊನೆಗೆ ಆನೆ ತುಳಿದರೂ ಮಿಸುಕುವುದಿಲ್ಲ. ಏನದು?"

"ಮಂಜುಗಡ್ಡೆ!" ಎಂದ ವಜ್ರಬಾಹು, ಯೋಚಿಸದೆ.

"ಮಂಜುಗಡ್ಡೆ ಯಾವತ್ತು ಗಂಜಿಯಾಗಿ ಹುಟ್ಟಿತ್ತಪ್ಪಾ?" ಎಂದಿತು ಮುದುಕನ ಬಾಯಿ. ರಾಜಕುಮಾರನ ಬೆರಳತುದಿಯಿಂದ ಬಿಳುಪು ಮೇಲೇರಿತು. ಕೂಗಲು ತೆರೆದ ಬಾಯಿ ತೆರೆದೇ ಉಳಿಯಿತು.

ಮಾಣಿಕಸೆಟ್ಟಿ ಹೆದರಿ ತಲೆ ತಗ್ಗಿಸಿದ. ತಗ್ಗಿಸಿದ್ದೇ ಒಳ್ಳೆಯದಾಯಿತು, ಕಾಲ ಕೆಳಗಿನ ದಾರಿ ಕಂಡಿತು. "ಕಾಂಕ್ರೀಟು," ಎಂದ.

ಈಗ ವಜ್ರಬಾಹುವಿನ ಬಾಯೇ ಮಾತಾಡಿತು. "ಕಾಲಿಲ್ಲದೆ ಓಡುತ್ತದೆ, ಓಡುವುದನ್ನು ಕಂಡವರಿಲ್ಲ. ಸಲೀಸು ದಾರಿಯಾದರೆ ತಣ್ಣಗೆ ಹೋಗುತ್ತದೆ. ದಾರಿ ಇಕ್ಕಟ್ಟಾಗಿ ತಡೆದರೆ ಕಾವೇರುತ್ತದೆ. ಏನದು?"

"ಹೊಳೆ... ಹೊಳೆಯಲ್ಲವೇ?"

ಅವನೂ ನಿಂತಲ್ಲೇ ಬಿಳಿಯಾದ.

"ಬೂದಿಯವನೇ, ನೀನು ಹೋಗಬಹುದು," ಎಂದಳು ರಕ್ಕಸಿ, ಮಾಣಿಕಸೆಟ್ಟಿಯ ಬಾಯಿಂದ.

ಸಣ್ಣೀರ ಹೋಗುತ್ತಿದ್ದ. ಆದರೆ ತಿರುಗಿದಾಗ ಸಾಲಿನ ಕೊನೆಯಲ್ಲಿ ನಿಂತಿದ್ದ ಹೆಂಗಸು ಕಣ್ಣಿಗೆ ಬಿದ್ದಳು. ಅದು ಗಿರಿಯವ್ವ. ಕಮರಿಗೆ ಬಿದ್ದವರನ್ನೂ ರಕ್ಕಸಿ ಎತ್ತಿ ತಂದು ಸಾಲಿನಲ್ಲಿ ನಿಲ್ಲಿಸಿದ್ದಳು. ಅವನು ಬೂದಿಯ ಪುಟ್ಟಿ ಕೆಳಗಿಟ್ಟು ರಕ್ಕಸಿಯ ಕಡೆ ತಿರುಗಿದ.

"ಹೊಳೆಯನ್ನು ಎಲ್ಲರೂ ಕಂಡಿದ್ದಾರೆ," ಎಂದ. "ಕಾಣದೆ ಓಡುವುದಕ್ಕೆ, ತಡೆದರೆ ಬಿಸಿಯಾಗುವುದಕ್ಕೆ ನೀನೇ ಹೆದರಿ ಬಾಗಿಲಿಗೆ ಅಡ್ಡ ಕೂತಿದ್ದೀಯ. ಅದು ಕರೆಂಟು."

ರಕ್ಕಸಿಯ ಮುಖದಲ್ಲಿ ಹಿಮ ಬೀಳುವುದು ಒಂದು ಗಳಿಗೆ ನಿಂತಿತು. ಆಮೇಲೆ ಮೂರನೆಯ ಒಗಟು ಬಂದದ್ದು ಅಕ್ಕನ ಬಾಯಿಂದ, ಅಕ್ಕನದೇ ದನಿಯಲ್ಲಿ.

"ಸಣ್ಣಾ, ತಾಯಿ ಬೆಳ್ಳಗೆ, ಕಣ್ಣಿಗೆ ಕಾಣುತ್ತಾಳೆ. ಬಿಸಿ ಮುಟ್ಟಿಸಿ ತಾಯಿಯನ್ನು ಕೊಂದರೆ ಮಗಳು ಅಳುತ್ತ ಓಡುತ್ತಾಳೆ. ಓಡಲು ದಾರಿ ಕೊಡದಿದ್ದರೆ ಅಲ್ಲೇ ಮಲಗಿ, ತಾಯಿಗಿಂತ ಕ್ರೂರಿಯಾಗುತ್ತಾಳೆ. ಯಾರ ಕಣ್ಣಿಗೂ ಕಾಣದೆ ಕೊಲ್ಲುತ್ತಾಳೆ. ಯಾರವಳು?"

ಸಣ್ಣೀರನ ಕಣ್ಣಲ್ಲಿ ನೀರು ತುಂಬಿತು. ಅಕ್ಕ ಬಿದ್ದ ದಿನದ ಹಿಂದಿನ ಸಂಜೆ ದೊರೆಯ ಪಲ್ಲಕ್ಕಿಗೆ ದಾರಿ ಮಾಡಲು ಕೋಟೆಯ ಆಳುಗಳು ಇಳಿಜಾರಿಗೆ ಹಂಡೆಗಟ್ಟಲೆ ಬಿಸಿನೀರು ಸುರಿದಿದ್ದರು. ಬೆಳಿಗ್ಗೆ ದಾರಿ ಸ್ವಚ್ಛವಾಗಿ ಕಂಡಿತ್ತು. ಅಕ್ಕ ಧೈರ್ಯವಾಗಿ ಕಾಲಿಟ್ಟಿದ್ದಳು.

"ತಾಯಿ ಹಿಮ. ಮಗಳು ಕರಗಿದ ನೀರು, ಅಕ್ಕಾ. ಹರಿದುಹೋಗದೆ ನಿಂತು ಗಾಜಿನಂತೆ ಹೆಪ್ಪುಗಟ್ಟಿದ ನೀರು. ನಿನ್ನನ್ನು ಕೊಂದದ್ದು ಅದೇ."

ರಕ್ಕಸಿ ಎದ್ದು ಬಾಗಿಲು ಬಿಟ್ಟಳು. ಒಳಗೆ ಕರೆಂಟು ಹರಿಸುವ ಕಬ್ಬಿಣದ ಹಿಡಿ ಕಂಡಿತು. "ಎಳೆಯಬೇಡ," ಎಂದಿತು ಅಕ್ಕನ ಬಾಯಿ. "ದಾರಿ ತಣ್ಣಗಿದ್ದರೆ ನಾನು ಹೀಗೇ ನಿಂತಿರುತ್ತೇನೆ. ದಿನಾ ಬಾ, ಮಾತಾಡುತ್ತೇನೆ. ಎಳೆದರೆ ಮತ್ತೆ ಸಿಗುವುದಿಲ್ಲ ಕಣೋ."

ಅವನು ಅಕ್ಕನ ಕೆನ್ನೆ ಮುಟ್ಟಿದ. ಬೆರಳು ಅಂಟಿಕೊಂಡಿತು. "ನನ್ನಕ್ಕ ಹಾಗೆ ಕೇಳುವವಳಲ್ಲ. ನಾಳೆ ನೀರಿಗೆ ಬರುವ ಹೆಂಗಸರು ಬೀಳಲಿ ಅನ್ನುವವಳಲ್ಲ," ಎಂದ. ಬೆರಳು ಬಿಡಿಸಿಕೊಂಡು ಒಳಗೆ ಹೋಗಿ ಹಿಡಿ ಎಳೆದ.

ನೆಲದೊಳಗೆ ದುಂಬಿ ಹೊಕ್ಕಂತೆ ಗುಂಯ್ ಎಂದಿತು. ಹಿಮ ಅಂಚಿನಿಂದ ಕಪ್ಪಾಗಿ, ಒದ್ದೆಯಾಗಿ, ಹಬೆಯಾಡಿತು. ರಕ್ಕಸಿ ಮೊದಲು ಮೊಣಕಾಲಷ್ಟಾದಳು, ಆಮೇಲೆ ಇಲ್ಲವಾದಳು. ವಜ್ರಬಾಹು, ಮಾಣಿಕಸೆಟ್ಟಿ ಕೆಮ್ಮುತ್ತ ಕುಸಿದು ಕೂತರು. ಎಂದೋ ಸತ್ತಿದ್ದ ಹಳಬರು ಮಾತ್ರ ಒಬ್ಬೊಬ್ಬರಾಗಿ ಮೆಲ್ಲಗೆ ಮಲಗಿದರು. ಸಣ್ಣೀರ ಅಕ್ಕನನ್ನು ಬೆನ್ನ ಮೇಲೆ ಹೊತ್ತು, ಬರಿಗಾಲಲ್ಲಿ, ಬೆಚ್ಚನೆಯ ದಾರಿಯಲ್ಲಿ ಮನೆಗೆ ಇಳಿದ.

ಮರುದಿನ ಆಸ್ಥಾನದಲ್ಲಿ ಧವಳರಾಯ ಒಗಟುಗಳ ಉತ್ತರ ಕೇಳಿದ. ಗಂಜಿಯಂತೆ ಸುರಿದರೆ ಕಲ್ಲಾಗುವ ಕಾಂಕ್ರೀಟು, ತಡೆಯುವ ತಂತಿಯಲ್ಲಿ ಕಾವೇರುವ ಕರೆಂಟು ಎಂದು ಸಣ್ಣೀರ ಬಿಡಿಸಿ ಹೇಳಿದ. ಮೂರನೆಯದನ್ನು ಹೇಳುವಾಗ ಪಲ್ಲಕ್ಕಿ, ಬಿಸಿನೀರು, ಅಕ್ಕ, ಒಂದನ್ನೂ ಬಿಡಲಿಲ್ಲ.

"ಯಾವ ಅರ್ಧ ರಾಜ್ಯ ಬೇಕು?" ದೊರೆಯ ದನಿ ತಗ್ಗಿತ್ತು.

"ಕೆಳಪೇಟೆಯ ಅರ್ಧ ಕೊಡಿ, ಸ್ವಾಮಿ. ದಾರಿಯ ಬದಿಗೆ ನೀರು ಹರಿಯಲು ಕಾಲುವೆ ತೋಡಿಸಬೇಕು. ಇಲ್ಲದಿದ್ದರೆ ಒಗಟಿನ ಆ ಮಗಳು ಮತ್ತೆ ಬರುತ್ತಾಳೆ."

ದೊರೆ ಕೊಟ್ಟ. ಆಮೇಲೆ ಸಿಂಹಾಸನದಿಂದ ಇಳಿದು, ಪಲ್ಲಕ್ಕಿ ತಂದವರಿಗೆ ಕೈಸನ್ನೆಯಲ್ಲೇ ಬೇಡವೆಂದ. ಹಿಮ ಬೀಳುತ್ತಿತ್ತು. ಮುದಿ ದೊರೆ ಜೀವಮಾನದಲ್ಲಿ ಮೊದಲ ಸಲ ಆ ಇಳಿಜಾರನ್ನು ನಡೆದು ಇಳಿದು, ಗಿರಿಯವ್ವನ ಸಮಾಧಿಯ ಹೊಸ ಮಣ್ಣಿನ ಮುಂದೆ ತಲೆ ಬಾಗಿಸಿ ನಿಂತ.